ಗಿರಣಿ ಕೆಡಿಸಿದ ಜರಡಿ ಹಾಡು

ನಮ್ಮ ಅತ್ತೆಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ ಎಂದು ಬೀದಿಯವರು ಹೇಳುತ್ತಾರೆ. ಇದು ಸರಿಯಲ್ಲ. ಕಾರಣ ಇದ್ದೇ ಇರುತ್ತದೆ. ಗೋಧಿಯನ್ನು ಆರಿಸದೆ ಕಲ್ಲು ಸಮೇತ ತರುವವರು, ಡಬ್ಬ ತಂದು ಮುಚ್ಚಳವನ್ನು ಮನೆಯಲ್ಲೇ ಮರೆತು ಬರುವವರು, ನುಣ್ಣಗೆ ಬೇಕು ಎಂದು ಹೇಳಿ ಬೀಸಿದ ಮೇಲೆ "ಇಷ್ಟೊಂದು ನುಣ್ಣಗೆ ಬೇಡವಾಗಿತ್ತು" ಎನ್ನುವವರು, ಇವರೆಲ್ಲ ದಿನಾ ಬಂದು ನಿಲ್ಲುವುದು ಅತ್ತೆಯ ಎದುರಿಗೇ. ಹಿಟ್ಟಿನ ಗಿರಣಿ ಇಟ್ಟುಕೊಂಡವಳು ಅವರಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು?

ಆದರೆ ನಾನು ಹೇಳಹೊರಟಿರುವ ಸಿಟ್ಟಿನ ಕಾರಣ ಬಹಳ ದಿನ ಯಾರಿಗೂ ತಿಳಿಯಲಿಲ್ಲ, ಅತ್ತೆಗೂ ತಿಳಿಯಲಿಲ್ಲ. ಅವಳು ಹಾಡುವ ಹಾಡಿನಲ್ಲಿ ಒಂದು ಸ್ವರವೂ ತಪ್ಪಿರಲಿಲ್ಲ. ಆದರೂ ಹಾಡು ತಪ್ಪಾಗಿತ್ತು. ಇದರ ಬಗ್ಗೆ ಮಾವ ಹೇಳುವುದು ಒಂದು, ದೊಡ್ಡತ್ತೆ ಹೇಳುವುದು ಇನ್ನೊಂದು. ನಾನು ಆ ಮನೆಯಲ್ಲೇ ಇರುವುದರಿಂದ ಕಂಡಷ್ಟನ್ನು, ಕೇಳಿದಷ್ಟನ್ನು ಬರೆಯುತ್ತೇನೆ.

ಅತ್ತೆ ನನ್ನ ಅಪ್ಪನ ತಂಗಿ. ಅವರಿಬ್ಬರಿಗಿಂತ ದೊಡ್ಡವಳು ದೊಡ್ಡತ್ತೆ, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗಿರಣಿ ಇರುವುದು ಅತ್ತೆಯ ಮನೆಯ ಮುಂದಿನ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಮೋಟಾರು, ಅಲ್ಲಿಂದ ಬೆಲ್ಟು, ಬೆಲ್ಟಿನ ಆ ತುದಿಯಲ್ಲಿ ಕಲ್ಲು, ಹಿಟ್ಟು ಇಳಿಯುವ ಬಾಯಿಗೆ ಅಂಗಿಯ ತೋಳಿನ ಹಾಗೆ ಕಟ್ಟಿದ ಬಟ್ಟೆ. ಗೋಡೆ, ದೀಪ, ಗಡಿಯಾರ, ಅತ್ತೆಯ ಹುಬ್ಬು, ಎಲ್ಲದರ ಮೇಲೂ ಹಿಟ್ಟು. ಮೊದಲು ಈ ಗಿರಣಿಯನ್ನು ನಡೆಸುತ್ತಿದ್ದವಳು ನಮ್ಮಜ್ಜಿ. ಜರಡಿ ಹಾಡು ಅಜ್ಜಿಯದು.

ಅದು ಹಿಟ್ಟು ಜರಡಿ ಹಿಡಿಯುತ್ತ ಹೆಂಡತಿಯೊಬ್ಬಳು ಗಂಡನನ್ನು ರೇಗಿಸುವ ಹಾಡು. "ತೌಡು ಗಾಳಿಗೆ, ಹಿಟ್ಟು ಮಡಕೆಗೆ, ಉಳಿದವನು ನೀನು ನನಗೆ" ಎಂದು ಪ್ರತಿ ಸಲ ಮುಗಿಯುತ್ತದೆ. ಅಜ್ಜಿ ಹಾಡಿದರೆ ಗೋಧಿ ತಂದವರು ನಗುತ್ತ ನಿಲ್ಲುತ್ತಿದ್ದರಂತೆ. ಅಜ್ಜಿ, ಅವಳ ಇಬ್ಬರು ಹೆಣ್ಣುಮಕ್ಕಳು, ಬೀದಿಯ ಇನ್ನಷ್ಟು ಹೆಂಗಸರು ಸೇರಿ ಒಂದು ಮೇಳವಾಯಿತು. ಮೇಳದಲ್ಲಿ ಒಬ್ಬರು ಮೊದಲ ಸೊಲ್ಲು ಎತ್ತಬೇಕು, ಉಳಿದವರು ಅದನ್ನು ಹಿಡಿದುಕೊಂಡು ಹಾಡಬೇಕು. ಅಜ್ಜಿ ಇರುವವರೆಗೆ ಸೊಲ್ಲು ಎತ್ತಿದವಳು ಅಜ್ಜಿ. ಆಮೇಲೆ ದೊಡ್ಡತ್ತೆ. ಅತ್ತೆ ಯಾವಾಗಲೂ ಎರಡನೇ ಸಾಲಿನಲ್ಲಿ, ಬಲಗಡೆಯ ತುದಿಯಲ್ಲಿ.

ಈ ವರ್ಷ ದೊಡ್ಡತ್ತೆಯ ಗಂಟಲು ಕೆಟ್ಟಿತು. ಊರಿನ ಗ್ರಂಥಾಲಯಕ್ಕೆ ಹೊಸ ಓದುವ ಕೋಣೆ ಕಟ್ಟಿದ್ದರು, ಅದು ತೆರೆಯುವ ದಿನ ಮೇಳ ಹಾಡಬೇಕಿತ್ತು. ದೊಡ್ಡತ್ತೆ ಬಾಯಲ್ಲಿದ್ದ ದಾರವನ್ನು ತೆಗೆದು, "ಈ ಸಲ ಜರಡಿ ಹಾಡು ನೀನೇ ಎತ್ತು, ಪುಟ್ಟಿ" ಎಂದಳು. ಅತ್ತೆಗೆ ಐವತ್ತು ದಾಟಿದೆ, ಅಕ್ಕನಿಗೆ ಅವಳು ಇನ್ನೂ ಪುಟ್ಟಿಯೇ. "ಎತ್ತೋಣ, ಅದಕ್ಕೇನು" ಎಂದು ಅತ್ತೆ ಬೇಸರದ ದನಿಯಲ್ಲೇ ಹೇಳಿದಳು. ಆದರೆ ಮನೆಗೆ ಬಂದವಳು ಸಂಜೆಯವರೆಗೆ ಯಾರನ್ನೂ ಬೈಯಲಿಲ್ಲ. ಅವಳಿಗೆ ಅದು ಎಷ್ಟು ಬೇಕಾಗಿತ್ತು ಎಂಬುದು ಅದರಿಂದಲೇ ನಮಗೆ ಗೊತ್ತಾಯಿತು.

ಅದೇ ವಾರ ಮೋಟಾರಿನ ಪುಲ್ಲಿ ಬಿರುಕು ಬಿಟ್ಟಿತು. ಪುಲ್ಲಿ ಎಂದರೆ ಬೆಲ್ಟನ್ನು ತಿರುಗಿಸುವ ಕಬ್ಬಿಣದ ಗಾಲಿ. ಮೆಕ್ಯಾನಿಕ್ ಬಂದು, ಬಿಚ್ಚಿ, ತಲೆ ಆಡಿಸಿದ.

"ಆರು ಇಂಚಿಂದು ಇನ್ನು ಬೇಡಮ್ಮಾ. ಮೋಟಾರ್‌ಗೆ ವಯಸ್ಸಾಯ್ತು, ಎಳೆಯಲ್ಲ. ಐದು ಇಂಚಿಂದು ಹಾಕ್ತೀನಿ. ಕಲ್ಲು ಸ್ವಲ್ಪ ನಿಧಾನ ತಿರುಗುತ್ತೆ, ಮೋಟಾರು ಇನ್ನೊಂದಷ್ಟು ವರ್ಷ ಬದುಕುತ್ತೆ."

"ನಾನೂ ಬದುಕಬೇಕಲ್ಲಪ್ಪ. ನಿಧಾನ ಬೀಸಿದ್ರೆ ಸಾಲು ಬೀದಿ ತುದಿ ಮುಟ್ಟುತ್ತೆ. ಅವರೆಲ್ಲ ನನ್ನ ತಲೆ ತಿಂತಾರೆ."

"ತಿನ್ನಲಿ ಬಿಡಿ, ಮೋಟಾರ್ ತಿನ್ನಲ್ವಲ್ಲ" ಎಂದು ಅವನು ಐದು ಇಂಚಿನದನ್ನೇ ಹಾಕಿಹೋದ. ಗಿರಣಿಯ ಗುಂಯ್‌ಗುಟ್ಟುವಿಕೆ ಒಂದಿಷ್ಟು ಕೆಳಗಿಳಿಯಿತು. ಹಿಟ್ಟು ನಿಧಾನವಾಗಿ ಬೀಳುತ್ತಿದೆ ಎಂದು ಅತ್ತೆ ಗೊಣಗಿದಳು. ಸದ್ದಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಗಿರಣಿ ಎಂದ ಮೇಲೆ ಸದ್ದು ಮಾಡುತ್ತದೆ.

ಅತ್ತೆ ಬೆಳಗ್ಗೆಯಿಂದ ಸಂಜೆಯವರೆಗೆ ಗಿರಣಿಯ ಜೊತೆಯಲ್ಲೇ ಹಾಡು ಅಭ್ಯಾಸ ಮಾಡತೊಡಗಿದಳು. ಸ್ವಲ್ಪ ದಿನ ಕಳೆದ ಮೇಲೆ ಎದುರು ಸಾಲಿನ ಬೀಗ ರಿಪೇರಿಯವನು ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಅವನ ಕೈಯಲ್ಲಿ ಡಬ್ಬವಿರಲಿಲ್ಲ.

"ಯಾರು ಹೋದ್ರು?" ಎಂದು ಮೆಲ್ಲಗೆ ಕೇಳಿದ.

"ಎಲ್ಲಿಗೆ?"

"ಅಲ್ಲ, ನಿಮ್ಮ ಕಡೆಯವರು ಯಾರಾದ್ರೂ... ಬೆಳಗ್ಗೆಯಿಂದ ನಿಮ್ಮ ಹಾಡು ಕೇಳಿಸ್ತಿದೆ. ಕೆಲಸಕ್ಕೆ ಕೈಯೇ ಓಡ್ತಿಲ್ಲ."

"ಅದು ತಮಾಷೆ ಹಾಡು ಕಣಪ್ಪ. ಗಂಡನ್ನ ರೇಗಿಸೋ ಹಾಡು."

"ಇರಬಹುದು" ಎಂದ ಅವನು. "ಆದ್ರೂ ಧೈರ್ಯ ತಗೊಳ್ಳಿ."

ಅಂದು ಮಧ್ಯಾಹ್ನ ಹಾಲಿನವಳೂ ಹಾಗೇ ಕೇಳಿದಳು. ಜೋಳ ಬೀಸಿಸಿಕೊಳ್ಳಲು ಬಂದ ಮುದುಕಿಯೊಬ್ಬಳು ಹಾಡು ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಂಡು, ತೀರಿಹೋದ ತನ್ನ ತಮ್ಮನ ಕಥೆಯನ್ನು ಮೊದಲಿನಿಂದ ಹೇಳಿದಳು. ಮಾವ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ಈಗ ನಿವೃತ್ತರಾಗಿ ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಾರೆ. ಅವರು ಅಲ್ಲಿಂದಲೇ ಕೂಗಿದರು: "ನಾನಿನ್ನೂ ಇದ್ದೀನಿ ಕಣೇ. ಈಗ್ಲೇ ಯಾಕೆ ಶುರು ಮಾಡಿದೆ?"

"ರೀ, ನಾನು ಅಳ್ತಿಲ್ಲ, ಹಾಡ್ತಿದ್ದೀನಿ."

"ಕೇಳೋರಿಗೆ ಎರಡೂ ಒಂದೇ."

ಅತ್ತೆಗೆ ಎಲ್ಲರ ಕಿವಿಯೂ ಒಟ್ಟಿಗೇ ಕೆಟ್ಟಿದೆ ಎಂದು ಖಚಿತವಾಯಿತು. ಅವಳು ಇನ್ನೂ ಜೋರಾಗಿ ಹಾಡಿದಳು. ಜೋರಾಗಿ ಹಾಡಿದಷ್ಟೂ ಬೀದಿ ಇನ್ನಷ್ಟು ಮಂಕಾಯಿತು.

ದೊಡ್ಡತ್ತೆ ಗೋಧಿ ತಂದ ದಿನ ಜಗಳವೇ ಆಯಿತು. ಅವಳು ಡಬ್ಬವನ್ನು ಕೆಳಗಿಡದೆ ಕಂಕುಳಲ್ಲೇ ಇಟ್ಟುಕೊಂಡು ಪೂರ್ತಿ ಹಾಡು ಕೇಳಿದಳು.

"ಅಮ್ಮನ ಹಾಡಿಗೆ ಏನು ಮಾಡಿಟ್ಟಿದ್ದೀಯೇ?"

"ಏನು ಮಾಡಿದೀನಿ? ಅಮ್ಮ ಹೇಳಿಕೊಟ್ಟ ಹಾಗೇ ಇದೆ."

"ಅಮ್ಮ ಹಾಡಿದ್ರೆ ಜನ ನಗ್ತಿದ್ರು. ನೀನು ಹಾಡಿದ್ರೆ ಹೆಣ ಎತ್ತೋಕೆ ಬಂದಂಗಿದೆ."

"ಯಾವ ಸ್ವರ ತಪ್ಪಿದೆ, ತೋರಿಸು."

ದೊಡ್ಡತ್ತೆಗೆ ತೋರಿಸಲಾಗಲಿಲ್ಲ. ಅದರಿಂದ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. "ಮೇಷ್ಟ್ರ ಮುಂದೆ ಬಾ, ಅವರೇ ತೋರಿಸ್ತಾರೆ" ಎಂದು ಗೋಧಿಯನ್ನು ಬೀಸಿಸದೆ ವಾಪಸ್ ಹೊತ್ತುಕೊಂಡು ಹೋದಳು.

ಮೇಳದ ಅಭ್ಯಾಸ ನಡೆಯುವುದು ಗ್ರಂಥಾಲಯದ ಮಹಡಿಯ ಹಾಲಿನಲ್ಲಿ. ಅಲ್ಲಿ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಬಹಳ ಸಮಾಧಾನದ ಮನುಷ್ಯರು. ಅವರ ಸಮಾಧಾನವನ್ನು ಕಂಡರೆ ಅತ್ತೆಗೆ ಆಗುವುದಿಲ್ಲ. ಅವರು ಅತ್ತೆಗೆ, "ಮೊದಲು ಶ್ರುತಿ ಕೊಡಿ" ಎಂದರು. ಹಾಡು ಯಾವ ಸ್ವರದ ಮೇಲೆ ನಿಲ್ಲಬೇಕೋ ಆ ಸ್ವರವನ್ನು ಗುನುಗಿ ತೋರಿಸಿ ಎಂದು ಅದರ ಅರ್ಥ. ಅತ್ತೆ "ಹೂಂ" ಎಂದು ಗುನುಗಿದಳು. ಮೇಷ್ಟ್ರು ಆ ಸ್ವರದ ಕೀಯನ್ನು ಒತ್ತಿ ಹಿಡಿದರು. ಅತ್ತೆ ಹಾಡಿದಳು. ಎರಡು ಸೊಲ್ಲು ಮುಗಿಯುವಷ್ಟರಲ್ಲಿ ಹೆಂಗಸರೆಲ್ಲ ತಲೆ ತಗ್ಗಿಸಿ ಕೂತಿದ್ದರು.

ಮೇಷ್ಟ್ರು ಒಂದೊಂದೇ ಸ್ವರವನ್ನು ಹಾರ್ಮೋನಿಯಂ ಮೇಲೆ ಪರೀಕ್ಷೆ ಮಾಡಿದರು. ಈ ಹಾಡಿನಲ್ಲಿ ಇರುವುದೇ ಐದು ಸ್ವರ.

"ಐದೂ ಸರಿಯಾಗಿದೆ" ಎಂದರು.

"ಕೇಳಿದ್ಯಾ ಅಕ್ಕ?"

"ಆದ್ರೆ ಧಾಟಿ ಬೇರೆಯಾಗಿದೆ" ಎಂದರು ಮೇಷ್ಟ್ರು.

"ಅಂದ್ರೆ ನಾನು ತಪ್ಪು ಹಾಡಿದೀನಾ?"

"ಇಲ್ಲ."

"ಹಾಗಾದ್ರೆ ಸರಿ ಹಾಡಿದೀನಾ?"

"ಅದೂ ಇಲ್ಲ."

"ಮೇಷ್ಟ್ರೇ, ಎರಡರಲ್ಲಿ ಒಂದು ಹೇಳಿ. ನನಗೆ ಗಿರಣಿ ತೆಗೀಬೇಕು."

ಮೇಷ್ಟ್ರು ಹೇಳಲಿಲ್ಲ, ನುಡಿಸಿ ತೋರಿಸಿದರು. ಎಡಗೈ ಬೆರಳಿನಿಂದ ಒಂದು ಕೀಯನ್ನು ಬಿಡದೆ ಒತ್ತಿಕೊಂಡು, ಬಲಗೈಯಲ್ಲಿ ಜರಡಿ ಹಾಡನ್ನು ನುಡಿಸಿದರು. ಅಜ್ಜಿಯ ಹಾಡೇ ಬಂತು. ಹೆಂಗಸರು ಮುಖ ಎತ್ತಿದರು. ಆಮೇಲೆ ಬಲಗೈಯನ್ನು ಹಾಗೇ ಬಿಟ್ಟು, ಎಡಗೈ ಬೆರಳನ್ನು ಮಾತ್ರ ಸ್ವಲ್ಪ ಕೆಳಗಿನ ಕೀಗೆ ಸರಿಸಿದರು. ಬಲಗೈ ನುಡಿಸಿದ್ದು ಅದೇ ಹಾಡು, ಅದೇ ಜಾಗದಲ್ಲಿ. ಕೇಳಿಸಿದ್ದು ಅತ್ತೆಯ ಅಳು.

"ನೋಡಿ, ನಮ್ಮ ಹಳೇ ಹಾಡುಗಳಿಗೆ ಯಾರೂ ಕೂತು ರಾಗದ ಹೆಸರಿಟ್ಟಿಲ್ಲ" ಎಂದರು ಮೇಷ್ಟ್ರು. "ಆದ್ರೆ ಪ್ರತಿ ಹಾಡಿಗೂ ಎಲ್ಲೆಲ್ಲಿ ಸುತ್ತಿದ್ರೂ ಕೊನೆಗೆ ಬಂದು ಕೂತ್ಕೊಳ್ಳೋ ಒಂದು ಸ್ವರ ಇರುತ್ತೆ. ಆ ಸ್ವರ ಯಾವುದು ಅನ್ನೋದರ ಮೇಲೆ ಧಾಟಿ. ಅದನ್ನ ಬದಲಾಯಿಸಿದ್ರೆ, ಉಳಿದಿದ್ದೆಲ್ಲ ಹಾಗೇ ಇದ್ರೂ, ಹಾಡು ಬೇರೆ ಆಗುತ್ತೆ. ನೀವು ಶ್ರುತಿ ಕೊಟ್ಟಿದ್ದು ಒಂದು ಕಡೆ, ಹಾಡಿದ್ದು ಇನ್ನೊಂದು ಕಡೆ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ."

"ಹಾಗಾದ್ರೆ ಶ್ರುತಿ ನೀವೇ ಕೊಡಿ."

ಅವರು ಬೇರೆ ಕೀ ಹಿಡಿದರು. ಅತ್ತೆ ಅದನ್ನು ಕೇಳಿಸಿಕೊಂಡು, ಅದಕ್ಕಿಂತ ಸ್ವಲ್ಪ ಮೇಲಿನಿಂದ ಹಾಡು ಶುರು ಮಾಡಿದಳು. ಮತ್ತೆ ಅಳು. ಇನ್ನೊಂದು ಕೀ ಹಿಡಿದರು. ಅಲ್ಲೂ ಅಷ್ಟೇ ಮೇಲೆ ಹೋಗಿ ನಿಂತಳು. ಹಾರ್ಮೋನಿಯಂ ಎಲ್ಲಿಗೆ ಹೋದರೂ ಅತ್ತೆ ಅದರ ಜೊತೆ ಕೂರದೆ ಪಕ್ಕದಲ್ಲೇ ಕೂರುತ್ತಿದ್ದಳು. ಅವಳಿಗೆ ಆ ವ್ಯತ್ಯಾಸ ಕೇಳಿಸುತ್ತಲೇ ಇರಲಿಲ್ಲ.

"ಮುಂದಿನ ವಾರದ ಅಭ್ಯಾಸದವರೆಗೆ ನೋಡ್ತೀನಿ" ಎಂದಳು ದೊಡ್ಡತ್ತೆ. "ಅಷ್ಟರಲ್ಲಿ ಸರಿ ಹೋಗದಿದ್ರೆ ನರ್ಸಮ್ಮ ಎತ್ತುತ್ತಾಳೆ."

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮ ಹೆದರಿ, "ನನಗೆ ಬೇಡ ಅಕ್ಕ, ಜನ ನೋಡಿದ್ರೆ ನನ್ನ ಕೈ ತಣ್ಣಗಾಗುತ್ತೆ" ಎಂದಳು.

"ನೀನು ಸುಮ್ನಿರು. ನಿನ್ನನ್ನ ಯಾರು ಕೇಳಿದ್ರು?"

ಅತ್ತೆ ಮನೆಗೆ ಬಂದು ಎರಡು ದಿನ ಬಾಯಿ ಬಿಗಿದುಕೊಂಡು ಬೀಸಿದಳು. ಮೂರನೆಯ ದಿನ ತಡೆಯಲಾರದೆ, ಯಾರಿಗೋ ಶಾಪ ಹಾಕುವವಳ ಹಾಗೆ ಹಾಡಲು ಹಿಡಿದಳು. ಎರಡನೇ ಸೊಲ್ಲಿನ ನಡುವೆ ಕರೆಂಟ್ ಹೋಯಿತು. ಬೆಲ್ಟು ನಿಧಾನವಾಯಿತು, ಕಲ್ಲಿನ ಸದ್ದು ಇಳಿದು ಇಳಿದು ನಿಂತುಹೋಯಿತು. ಅತ್ತೆ ಮಾತ್ರ ಸಿಟ್ಟಿನಲ್ಲಿ ನಿಲ್ಲಿಸದೆ ಹಾಡಿಕೊಂಡೇ ಹೋದಳು. ಸದ್ದಡಗಿದ ಕೋಣೆಯಲ್ಲಿ "ಉಳಿದವನು ನೀನು ನನಗೆ" ಎಂಬುದು ಒಂಟಿಯಾಗಿ ಕೇಳಿಸಿತು. ಒಳಗಿನಿಂದ ಮಾವ ಗಟ್ಟಿಯಾಗಿ ನಕ್ಕರು.

"ಇದು ಕಣೇ. ಇದು ನಿಮ್ಮಮ್ಮನ ಹಾಡು."

ಅತ್ತೆ ನಿಲ್ಲಿಸಿದಳು. "ಈಗ ನಾನೇನು ಬೇರೆ ಮಾಡಿದೆ?"

"ನನಗೇನು ಗೊತ್ತು. ಚೆನ್ನಾಗಿತ್ತು."

ಕರೆಂಟ್ ಬಂತು. ಗಿರಣಿ ತಿರುಗಿತು. ಅತ್ತೆ ಅದೇ ಸಾಲನ್ನು ಅದೇ ದನಿಯಲ್ಲಿ ಹಾಡಿದಳು. ಎದುರು ಸಾಲಿನಲ್ಲಿ ಬೀಗ ರಿಪೇರಿಯವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು ಆಕಾಶ ನೋಡಿದ. ಅತ್ತೆ ಹೋಗಿ ಸ್ವಿಚ್ ಆರಿಸಿದಳು, ಹಾಡಿದಳು. ಸ್ವಿಚ್ ಹಾಕಿದಳು, ಹಾಡಿದಳು. ಗೋಧಿ ತಂದು ನಿಂತಿದ್ದ ಹೆಂಗಸು, "ಅಮ್ಮಾ, ನನ್ನದು ಅರ್ಧ ಬೀಸಿದೆ" ಎಂದಳು.

"ನಿನ್ನ ಗೋಧಿ ಎಲ್ಲೂ ಎದ್ದು ಹೋಗಲ್ಲ, ನಿಂತ್ಕೋ."

ಮೇಷ್ಟ್ರ ಎಡಗೈ ಬೆರಳು ಮಾಡಿದ ಕೆಲಸವನ್ನೇ ಗಿರಣಿ ಮಾಡುತ್ತಿತ್ತು. ಅತ್ತೆಯ ಗಂಟಲು ಹಳೆಯ ಜಾಗದಲ್ಲೇ ಹಾಡುತ್ತಿತ್ತು, ಹೊಸ ಪುಲ್ಲಿ ಗಿರಣಿಯ ಸದ್ದನ್ನು ತಗ್ಗಿಸಿ ಹಾಡಿನ ಕೆಳಗಿನ ನೆಲವನ್ನು ಇಳಿಸಿತ್ತು. ದಿನವಿಡೀ ಹಾಗೆ ಹಾಡಿ ಹಾಡಿ ಅವಳ ಕಿವಿಗೆ ಅದೇ ಅಭ್ಯಾಸವಾಗಿ, ಹಾಲಿನಲ್ಲೂ ಹಾರ್ಮೋನಿಯಂ ಪಕ್ಕ ಹಾಗೆಯೇ ನಿಲ್ಲುತ್ತಿದ್ದಳು. ಅವಳು ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

"ಹಳೇ ಅಳತೆ ಪುಲ್ಲಿ ಹಾಕಪ್ಪ."

"ಯಾಕಮ್ಮಾ, ಹಿಟ್ಟು ಸರಿ ಬರ್ತಿಲ್ವಾ?"

"ಹಿಟ್ಟು ಸರಿಯಾಗಿದೆ. ನನ್ನ ಹಾಡು ಕೆಟ್ಟಿದೆ."

"ಅಮ್ಮಾ, ನಾನು ಮೋಟಾರ್ ಕೆಲಸದವನು" ಎಂದ ಅವನು. ಆರು ಇಂಚಿನದು ಹಾಕಿದರೆ ಮೋಟಾರು ಸುಟ್ಟುಹೋಗುವುದು ಖಂಡಿತ, ಆಮೇಲೆ ತನ್ನನ್ನು ಬೈಯಬಾರದು ಎಂದೂ ಹೇಳಿದ.

ಅತ್ತೆ ಆಮೇಲೆ ದೊಡ್ಡತ್ತೆಗೆ ಫೋನ್ ಮಾಡಿ, ಗೆದ್ದವಳ ದನಿಯಲ್ಲಿ ಎಲ್ಲವನ್ನೂ ವಿವರಿಸಿದಳು. "ತಪ್ಪು ಮೋಟಾರಿಂದು ಅಕ್ಕ, ನಂದಲ್ಲ."

ದೊಡ್ಡತ್ತೆಯ ದನಿ ಫೋನಿನ ಆಚೆಗೂ ಕೇಳಿಸುತ್ತಿತ್ತು. "ಅಮ್ಮನ ಕಾಲದಲ್ಲೂ ಮೋಟಾರ್ ಇತ್ತು. ಕರೆಂಟ್ ಹೋದಾಗ ಅಮ್ಮ ಹಾಡಿಲ್ವಾ? ಬಾವಿ ಹತ್ರ ಹಾಡಿಲ್ವಾ? ನನ್ನ ಅಂಗಡೀಲಿ ಅಷ್ಟೂ ಹೊಲಿಗೆ ಮಿಷನ್ ಓಡ್ತಿರುವಾಗ ಕೂತು ಹಾಡಿಲ್ವಾ? ಎಲ್ಲಿ ಕೂತ್ರೂ ಅದೇ ಹಾಡಾಗಿತ್ತಲ್ಲೇ."

ಅತ್ತೆ ಫೋನ್ ಇಟ್ಟಳು. ಊಟಕ್ಕೆ ಕೂತಾಗ ಮಾವನಿಗೆ ಹೇಳಿದಳು, "ಇಷ್ಟು ವರ್ಷ ನಾನು ಹಾಡ್ತಿದ್ದೀನಿ ಅಂದ್ಕೊಂಡಿದ್ದೆ ರೀ. ಮೋಟಾರ್ ಹೋದ ಕಡೆ ಹೋಗ್ತಿದ್ದೆ, ಅಷ್ಟೇ."

"ಬಸ್ಸಲ್ಲಿ ಎಲ್ಲರೂ ಹಾಗೇ ಹೋಗೋದು" ಎಂದರು ಮಾವ. "ಇಳಿಯೋ ಜಾಗ ಗೊತ್ತಿದ್ರೆ ಸಾಕು."

"ನಿಮ್ಮ ಬಸ್ಸಿನ ಮಾತು ಈಗ ಬೇಡ."

ಅವಳು ಮನೆಯ ಒಳಗೆ, ಗಿರಣಿ ನಿಲ್ಲಿಸಿ, ಒಬ್ಬಳೇ ಹಾಡಿ ನೋಡಿದಳು. ಆಗ ತಿಳಿಯಿತು, ಮನೆಯಲ್ಲಿ ಸುಮ್ಮನಿರುವ ವಸ್ತುವೇ ಇಲ್ಲ. ಫ್ರಿಜ್ಜು ಒಂದು ಸ್ವರದಲ್ಲಿ ಗುನುಗುತ್ತಿತ್ತು, ಫ್ಯಾನು ಇನ್ನೊಂದರಲ್ಲಿ, ಪಕ್ಕದ ಮನೆಯ ನೀರಿನ ಪಂಪು ಮೂರನೆಯದರಲ್ಲಿ. ಪ್ರತಿಯೊಂದೂ ಹಾಡನ್ನು ತನ್ನ ಕಡೆಗೆ ಎಳೆಯುತ್ತಿತ್ತು. ಅತ್ತೆ ಫ್ರಿಜ್ಜು ಆರಿಸಿದಳು, ಹಾಲು ಒಡೆಯಿತು. ಫ್ಯಾನು ಆರಿಸಿದಳು, ಮಾವ ಬನಿಯನ್ನಿನಲ್ಲಿ ಬೆವರುತ್ತ ಪೇಪರಿನಿಂದ ಗಾಳಿ ಬೀಸಿಕೊಂಡರು. ಪಕ್ಕದ ಮನೆಗೆ ಹೋಗಿ ಪಂಪು ನಿಲ್ಲಿಸಿ ಎಂದಳು, ಅವರು ಮೈಗೆ ಸೋಪು ಹಚ್ಚಿಕೊಂಡಾಗಿದೆ ಎಂದು ಒಳಗಿನಿಂದಲೇ ಕೂಗಿದರು. ಕಿವಿಗೆ ಹತ್ತಿ ತುರುಕಿಕೊಂಡಳು. ಹಾಡು ಸರಿಯಾಯಿತು, ಆದರೆ ಮೇಳದವರು ಯಾವಾಗ ಸೇರಿಕೊಂಡರು ಎಂಬುದು ಹತ್ತಿ ಇಟ್ಟುಕೊಂಡವಳಿಗೆ ಹೇಗೆ ಗೊತ್ತಾಗಬೇಕು? ಹತ್ತಿಯನ್ನು ಕಿತ್ತು ಬಿಸಾಡಿದಳು.

"ಎಲ್ಲಿ ಕೂತ್ಕೋಬೇಕು ಅಂತ ಈ ಹಾಡಿಗೇ ಗೊತ್ತಿರಬೇಕಲ್ಲ" ಎಂದು ಬೈದುಕೊಳ್ಳುತ್ತ, ಹಾಡನ್ನು ಹಿಂದಿನಿಂದ ಹಿಡಿದಳು. ಕೊನೆಯ ಪದ "ನನಗೆ." ಪ್ರತಿ ಸಲವೂ ಹಾಡು ಬಂದು ಇಳಿಯುವುದು ಆ ಪದದ ಮೇಲೆ. ಅದೊಂದನ್ನೇ ಬಾಯಿ ಮುಚ್ಚಿಕೊಂಡು ಗುನುಗಿದಳು, ಎದೆಯಲ್ಲಿ ಅದರುವವರೆಗೆ. ಆಮೇಲೆ ಮೊದಲ ಪದಕ್ಕೆ ಹೋದಳು. ಫ್ಯಾನು ಎಳೆದರೆ ಮತ್ತೆ "ನನಗೆ." ಪಂಪು ಎಳೆದರೆ ಮತ್ತೆ "ನನಗೆ." ಬೀಸುವಾಗ, ಪಾತ್ರೆ ತೊಳೆಯುವಾಗ, ಗಿರಾಕಿಗಳನ್ನು ಬೈಯುವ ನಡುವೆ, ಅವಳ ಬಾಯಲ್ಲಿ ಅದೊಂದೇ ಪದ. "ಏನು ನಿನಗೆ? ಏನು ಬೇಕು ಹೇಳಿ ಸಾಯಿ" ಎಂದು ಮಾವನಿಗೂ ತಲೆಕೆಟ್ಟಿತು. ಕೆಲವು ಸಲ ಸರಿ ಬರುತ್ತಿತ್ತು, ಕೆಲವು ಸಲ ಗಿರಣಿಯೇ ಗೆಲ್ಲುತ್ತಿತ್ತು. ಅಭ್ಯಾಸದ ದಿನ ಬೆಳಗ್ಗೆಯೂ ಒಮ್ಮೆ ಗಿರಣಿ ಗೆದ್ದಿತು.

ಸಂಜೆ ಗ್ರಂಥಾಲಯದ ಹಾಲಿನಲ್ಲಿ ಎಲ್ಲರೂ ಸೇರಿದರು. ನರ್ಸಮ್ಮನನ್ನು ದೊಡ್ಡತ್ತೆ ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಮೇಷ್ಟ್ರು ಕೀಯ ಮೇಲೆ ಬೆರಳಿಟ್ಟರು.

"ಕೈ ತೆಗೀರಿ ಮೇಷ್ಟ್ರೇ" ಎಂದಳು ಅತ್ತೆ. "ಮೊದಲು ನಾನು. ನೀವು ಆಮೇಲೆ ಬನ್ನಿ. ಆ ಫ್ಯಾನುಗಳನ್ನೂ ಆರಿಸಿ."

ಹೆಂಗಸರು ಸೆಕೆ ಎಂದು ಗೊಣಗುತ್ತ ಫ್ಯಾನ್ ಆರಿಸಿದರು.

"ಶ್ರುತಿ ಇಲ್ದೆ ಯಾರು ಸೊಲ್ಲು ಎತ್ತುತ್ತಾರೆ?" ಎಂದಳು ದೊಡ್ಡತ್ತೆ.

"ಅಮ್ಮ ಎತ್ತುತ್ತಿದ್ಳು. ನೀನೇ ಹೇಳಿದ್ದು."

ಅತ್ತೆ ಕಣ್ಣು ಮುಚ್ಚಿ ಆ ಒಂದು ಪದವನ್ನು ಗುನುಗಿ, ಮೊದಲ ಸೊಲ್ಲು ಎತ್ತಿದಳು. ಅದರ ಕೆಳಗೆ ಬೇರೆ ಯಾವ ಸದ್ದೂ ಇರಲಿಲ್ಲ. ಮೇಷ್ಟ್ರು ಅವಳ ಸ್ವರವನ್ನು ಹುಡುಕುತ್ತ ಒಂದು ಕೀ ಒತ್ತಿದರು, ಅದಲ್ಲ. ಇನ್ನೊಂದು ಒತ್ತಿದರು, ಅದು ಸರಿಯಾಗಿ ಗಿರಣಿಯ ಜಾಗ. ಹಾಡು ಒಂದು ಗಳಿಗೆ ಮಂಕಾಯಿತು. ಅತ್ತೆ ಕಣ್ಣು ತೆರೆದು, ಗೋಧಿಯಲ್ಲಿ ಕಲ್ಲು ತಂದವರನ್ನು ನೋಡುವ ಹಾಗೆ ಅವರನ್ನು ನೋಡಿದಳು. ಆದರೆ ಅವರ ಸ್ವರದ ಕಡೆಗೆ ಸರಿಯಲಿಲ್ಲ. ಎರಡನೇ ಸೊಲ್ಲಿನ ಕೊನೆಗೆ "ನನಗೆ" ಎಂದು ಇಳಿದು, ಅಲ್ಲೇ ನಿಂತು, ಅವರಿಗಾಗಿ ಕಾದಳು. ಮೇಷ್ಟ್ರ ಬೆರಳು ಬಂದು ಆ ಸ್ವರದ ಮೇಲೆ ಕೂತಿತು.

ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ಆ ಹಾಡಿಗೆ ನಗಬೇಕಾದ ಜಾಗ ಅದೇ. ಮೇಳದವರು ಸೊಲ್ಲು ಹಿಡಿದುಕೊಂಡರು, ದೊಡ್ಡತ್ತೆ ತನ್ನ ಕೆಟ್ಟ ಗಂಟಲಿನಲ್ಲೇ ಹಿಡಿದುಕೊಂಡಳು.

ಮುಗಿದ ಮೇಲೆ ಅತ್ತೆ ಮೊದಲು ಹೇಳಿದ್ದು, "ಒಂದು ಸ್ವರ ಹುಡುಕೋಕೆ ಇಷ್ಟು ಹೊತ್ತು ಬೇಕಾ ಮೇಷ್ಟ್ರೇ?"

"ಮುಂದಿನ ಸಲ ಬೇಗ ಬರ್ತೀನಮ್ಮ" ಎಂದರು ಅವರು.

ದೊಡ್ಡತ್ತೆ ಹೊಗಳಲಿಲ್ಲ. "ಎರಡನೇ ಸೊಲ್ಲಲ್ಲಿ ಓಡ್ತಿದ್ದೀಯ" ಎಂದಳು. ಆಮೇಲೆ ನರ್ಸಮ್ಮನ ಕಡೆಗೆ ತಿರುಗಿ, "ನೀನು ಎದ್ದು ನಿನ್ನ ಜಾಗಕ್ಕೆ ಹೋಗು" ಎಂದಳು. ನರ್ಸಮ್ಮ ಬಿಡುಗಡೆಯಾದವಳ ಹಾಗೆ ಹಿಂದಕ್ಕೆ ಓಡಿದಳು. ಮುಂದಿನ ಸಾಲಿನ ನಡುವಿನ ಜಾಗ ಖಾಲಿಯಾಯಿತು. ಅತ್ತೆ ಅಲ್ಲಿಗೆ ಬಂದು ನಿಂತಳು.

"ಇನ್ನೊಂದು ಸಲ" ಎಂದಳು ದೊಡ್ಡತ್ತೆ. "ಎತ್ತು, ಪುಟ್ಟಿ."

"ಮೊದಲು ಫ್ಯಾನ್ ಹಾಕಿ" ಎಂದಳು ಅತ್ತೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ಬೆಂದು ಹೋಗ್ತಿದ್ದೀವಿ. ಅದು ಏನು ಬೇಕಾದ್ರೂ ಗುನುಗಿಕೊಳ್ಳಲಿ."